ಮನೆಗೆ ಬಂದ ರಸ್ತೆಯ ಹಳದಿ

ನಮ್ಮಕ್ಕನಿಗೆ ಅನುಮಾನ ಹುಟ್ಟುಗುಣ. ಹಾಲು ತಂದರೆ ಮೂಸುತ್ತಾಳೆ, ನೋಟು ಕೊಟ್ಟರೆ ಬೆಳಕಿಗೆ ಹಿಡಿಯುತ್ತಾಳೆ, ನಾನು ಸ್ನಾನ ಮಾಡಿ ಬಂದೆ ಅಂದರೆ ಟವೆಲ್ ಮುಟ್ಟಿ ನೋಡುತ್ತಾಳೆ. ಟವೆಲ್ ವಿಷಯದಲ್ಲಿ ಅವಳ ಅನುಮಾನ ಒಮ್ಮೆಯೂ ಸುಳ್ಳಾಗಿಲ್ಲ.

ನಾನಿರುವುದು ಅವಳ ಮನೆಯಲ್ಲೇ. ಭಾವ ರಸ್ತೆಗೆ ಗೆರೆ ಬಳಿಯುವ ತಂಡದ ಮೇಸ್ತ್ರಿ. ಅವರ ದಯೆಯಿಂದ ನನಗೂ ಅಲ್ಲೇ ಕೆಲಸ. ಅವರು ಬಣ್ಣದ ಯಂತ್ರ ತಳ್ಳುತ್ತಾರೆ, ನಾನು ಮುಂದೆ ನಿಂತು ಕೆಂಪು ಬಾವುಟ ಅಲ್ಲಾಡಿಸುತ್ತೇನೆ. ಓದಿದ್ದು ವಾಣಿಜ್ಯಶಾಸ್ತ್ರ, ತಿನ್ನುವುದು ಲಾರಿಯವರ ಬೈಗುಳ.

ಭಾವನದು ಕೊಡುಗೈ. ಡಬ್ಬಿಯ ತಳದಲ್ಲಿ ಉಳಿದ ಹಳದಿ ಬಣ್ಣ ಚೆಲ್ಲುವುದೆಂದರೆ ಅವರಿಗೆ ಅನ್ನ ಚೆಲ್ಲಿದಷ್ಟು ಸಂಕಟ. "ಬಿಸಿಲು, ಮಳೆ, ಲಾರಿ ಚಕ್ರ, ಯಾವುದಕ್ಕೂ ಜಗ್ಗದ ಮಾಲು" ಎನ್ನುತ್ತ ಮನೆಗೆ ಹೊತ್ತು ತರುತ್ತಿದ್ದರು. ಹೀಗಾಗಿ ನಮ್ಮ ಬಾಗಿಲು ಹಳದಿ, ಕಿಟಕಿ ಹಳದಿ, ಸ್ಟೂಲು ಹಳದಿ. ಅಕ್ಕನ ಮಗಳು ಪುಟ್ಟಿ ಮಲಗುವ ಕಂಬಿಮಂಚವೂ ಹಳದಿ. ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಲು ಜನ ಅಳುಕುತ್ತಿದ್ದರು. ಬೀದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಒಂದೊಂದು ಡಬ್ಬಿ ಸಂದಾಯವಾಗಿತ್ತು. ಎಲ್ಲರೂ ಭಾವನನ್ನು ಕಂಡರೆ ಕೈಮುಗಿಯುತ್ತಿದ್ದರು.

ಎರಡು ವರ್ಷ ತುಂಬುವ ಹೊತ್ತಿಗೆ ಪುಟ್ಟಿ ಮಂಕಾದಳು. ಊಟ ಬೇಡ, ಆಟ ಬೇಡ, ಹೊಟ್ಟೆ ಹಿಡಿದುಕೊಂಡು ಅಳು. ನನ್ನನ್ನು "ಮಾಮಾ" ಎಂದು ಕರೆಯುತ್ತಿದ್ದವಳು ಅದನ್ನೂ ಬಿಟ್ಟಳು. ಅಕ್ಕನ ಅನುಮಾನ ಮೊದಲು ಹಾಲಿನವನ ಮೇಲೆ ಹೋಯಿತು, ಆಮೇಲೆ ನಲ್ಲಿಯ ಮೇಲೆ, ಆಮೇಲೆ ನನ್ನ ಮೇಲೆ.

"ಲೋ, ನಂಗೊತ್ತಿಲ್ದಂಗೆ ಮಗೂಗೆ ಏನೋ ತಿನ್ನಿಸ್ತಿದೀಯ?"

"ನಾನೇನು ತಿನ್ನಿಸ್ಲಿ ಅಕ್ಕಾ, ನಂಗೇ ಸಾಲಲ್ಲ."

"ಜೇಬು ತೋರ್ಸು."

ಜೇಬಿನಲ್ಲಿ ಪೆಪ್ಪರ್‌ಮೆಂಟ್ ಇತ್ತು. ದೇವರಾಣೆ, ಅದು ನನ್ನದೇ. ಅಂದಿನಿಂದ ನಾನು ಮಗುವಿನ ಹತ್ತಿರ ಹೋದರೆ ಸಾಕು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಲ್ಲುತ್ತಿತ್ತು.

ಒಂದು ಬೆಳಗ್ಗೆ ಅಕ್ಕ ಪುಟ್ಟಿಯ ಬಾಯಿಗೆ ಬೆರಳು ಹಾಕಿ ಏನನ್ನೋ ಹೊರತೆಗೆದಳು. ಉಗುರಿನ ತುಣುಕಿನಷ್ಟು ಹಳದಿ ಚಕ್ಕೆ. ಮಂಚದ ಮೇಲುಪಟ್ಟಿಯನ್ನು ಇಲಿ ಕಡಿದಂತೆ ಪುಟ್ಟಿ ಕಡಿದಿದ್ದಳು. ಹಲ್ಲು ಬರುವಾಗ ಹೀಗೇ ಎಂದು ನಾವೆಲ್ಲ ನಕ್ಕಿದ್ದ ಗುರುತುಗಳವು.

"ರೀ, ಈ ಬಣ್ಣಕ್ಕೆ ಏನು ಹಾಕಿರ್ತಾರೆ?"

"ಬಣ್ಣಕ್ಕೆ ಬಣ್ಣ ಹಾಕಿರ್ತಾರೆ ಕಣೇ."

"ಲಾರಿ ಹತ್ತಿದ್ರೂ ಹೋಗಲ್ಲ ಅಂತೀರಲ್ಲ, ಹಂಗಿರೋಕೆ ಒಳಗೇನಿದೆ?"

"ಓಹೋ, ಈಗ ನನ್ನ ಮೇಲೂ ಅನುಮಾನಾನಾ?"

"ನಿಮ್ಮ ಮೇಲಲ್ಲ. ನೀವು ತಂದಿದ್ದರ ಮೇಲೆ."

ಭಾವನಿಗೆ ಆ ವ್ಯತ್ಯಾಸ ಹಿಡಿಸಲಿಲ್ಲ. ತಟ್ಟೆ ಬಿಟ್ಟು ಎದ್ದುಹೋದರು.

ಅಕ್ಕ ಚಕ್ಕೆಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು, ಪುಟ್ಟಿಯನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಚೀಲ ಹೊರಲು ನಾನು. ಡಾಕ್ಟರಮ್ಮ ಚಕ್ಕೆ ನೋಡಿದರು, ಮನೆಯ ಗಂಡಸರ ಕೆಲಸ ಕೇಳಿದರು, ಮಗುವಿನ ರಕ್ತ ತೆಗೆಸಿದರು. ಫಲಿತಾಂಶ ಬಂದಾಗ ಅವರು ದನಿ ತಗ್ಗಿಸಿದರು. ರಕ್ತದಲ್ಲಿ ಸೀಸ ಸೇರಿತ್ತು. ಮಕ್ಕಳ ಮಿದುಳಿಗೆ ಕೆಟ್ಟದ್ದು, ಆ ಹಳದಿಯಿಂದಲೇ ಬಂದಿರಬೇಕು ಎಂದರು.

"ಸರಿಹೋಗ್ತಾಳಾ ಡಾಕ್ಟ್ರೇ?"

"ಮೊದಲು ಒಳಗೆ ಹೋಗೋದು ನಿಲ್ಲಬೇಕಮ್ಮ. ಆಮೇಲೆ ಮತ್ತೆ ರಕ್ತ ನೋಡೋಣ. ಈಗ್ಲೇ ಮಾತು ಕೊಡಕ್ಕಾಗಲ್ಲ. ಬಣ್ಣಾನ ಒಣದಾಗಿ ಕೆರೀಬೇಡಿ, ಸುಡಬೇಡಿ. ಒದ್ದೆ ಬಟ್ಟೇಲಿ ನೆಲ ಒರೆಸಿ. ಕೆಲಸದ ಬಟ್ಟೆ ಮನೆಯೊಳಗೆ ಬರಕೂಡ್ದು."

ಮನೆಗೆ ಬಂದು ಭಾವನಿಗೆ ಹೇಳಿದೆವು. ಅವರು ಎದ್ದು ಹೋಗಿ ಬಣ್ಣ ಕೆರೆಯುವ ಪಟ್ಟಿ ತಂದವರೇ ಮಂಚವನ್ನು ಗರಗರ ಕೆರೆಯತೊಡಗಿದರು. ಕೋಣೆಯಲ್ಲಿ ಹಳದಿ ಪುಡಿ ಎದ್ದಿತು. ಅಕ್ಕ ಮಗುವನ್ನು ನನ್ನತ್ತ ಚಾಚಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಮೊದ್ಲು ಆ ಕೆಲಸದ ಅಂಗಿ ಬಿಚ್ಚೋ!"

ಬಿಚ್ಚಿ ಎಸೆದು ಪುಟ್ಟಿಯನ್ನು ಎತ್ತಿಕೊಂಡು ಬೀದಿಗೆ ಓಡಿದೆ. ಒಳಗಿನ ಮಾತು ಬೀದಿಗೇ ಕೇಳುತ್ತಿತ್ತು.

"ಬಿಡ್ರೀ ಅದನ್ನ! ಆ ಪುಡಿ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದೀರಿ?"

"ಹಂಗಾದ್ರೆ ಸುಟ್ಟಾಕ್ತೀನಿ."

"ಹೊಗೆ ಯಾರ ಮೂಗಿಗೆ?"

"ಯಾರಿಗಾದ್ರೂ ಕೊಟ್ಟು..."

ಭಾವನ ಮಾತು ಅಲ್ಲೇ ನಿಂತಿತು. ಕೊಟ್ಟದ್ದು ಈಗಾಗಲೇ ಸಾಕಷ್ಟಾಗಿತ್ತು. ಅಕ್ಕನ ದನಿ ಮತ್ತೆ ಕೇಳಿತು, ಈ ಸಲ ಮೆಲ್ಲಗೆ.

"ಬೀದಿ ಕೊನೇ ಇಸ್ತ್ರಿಯವರ ಮನೇಲಿ ಎಳೆಕೂಸಿದೆ. ತೊಟ್ಟಿಲಿಗೆ ಬಳೀರಿ ಅಂತ ಕೊಟ್ಟೋರು ನೀವೇ."

"ಈಗ ಹೋಗಿ ಏನಂತ ಹೇಳ್ಲೇ? ನಾಳೆ ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ತಗ್ಗಿಸ್ಕೊಂಡು ಓಡಾಡಿ. ನೀವು ಹೇಳ್ದೆ ಇದ್ರೆ ನಾನು ಹೇಳ್ತೀನಿ."

ಭಾವ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೊರಬಂದರು. ಅಷ್ಟರಲ್ಲಿ ಅಕ್ಕ ಮಂಚಕ್ಕೆ ಪ್ಲಾಸ್ಟಿಕ್ ಸುತ್ತಿ, ನೆಲ ಒರೆಸಿ, ಕೋಣೆಗೆ ಬೀಗ ಹಾಕಿದ್ದಳು. ಭಾವ ಮುಂದೆ ನಡೆದರು. ಅರ್ಧದಾರಿಯಲ್ಲಿ ಹಿಂದಿರುಗಿಯಾರೆಂದು ಅಕ್ಕ ಅವರ ಬೆನ್ನಿಗೇ ಹೊರಟಳು. ಅವಳ ಹಿಂದೆ ಅಂಗಿಯಿಲ್ಲದ ನಾನು, ನನ್ನ ಹೆಗಲ ಮೇಲೆ ತಲೆಯಿಟ್ಟ ಪುಟ್ಟಿ.

ಇಸ್ತ್ರಿಯವರ ಹೆಂಡತಿ ಬಾಗಿಲು ತೆರೆದು ಮುಖವರಳಿಸಿದರು. "ಬನ್ನಿ ಅಣ್ಣಾ! ಇನ್ನೊಂದು ಡಬ್ಬಿ ತಂದ್ರಾ?"

ಭಾವ ಖಾಲಿ ಕೈ ತೋರಿಸಿದರು. "ಇಲ್ಲ ತಾಯಿ. ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದೆ. ಅದ್ರಲ್ಲಿ ವಿಷ ಇದೆ, ನಂಗೆ ಗೊತ್ತಿರ್ಲಿಲ್ಲ. ಮೊದ್ಲು ಕೂಸನ್ನ ತೊಟ್ಟಿಲಿಂದ ಎತ್ಕೊಳ್ಳಿ."

ಆಕೆ ಭಾವನನ್ನು ನೋಡಿದರು, ಅಕ್ಕನನ್ನು ನೋಡಿದರು, ಬರಿಮೈಯ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಕೊನೆಗೆ ಕಣ್ಣು ಪುಟ್ಟಿಯ ಬಾಡಿದ ಮುಖದ ಮೇಲೆ ನಿಂತಿತು. ತೊಟ್ಟಿಲ ಕಡೆಗೆ ಒಳಗೋಡಿದರು.