ಸ್ತಬ್ಧಚಿತ್ರವಾದ ಆಂಬುಲೆನ್ಸ್

೨೦೦೬ರಲ್ಲಿ ನಾನು ರೋಣ ತಾಲ್ಲೂಕಿನ ಒಂದು ಸರ್ಕಾರಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಊರಿನ ಹೆಸರು ಬೇಡ. ಕರ್ನಾಟಕ ಒಂದಾಗಿ ಐವತ್ತು ತುಂಬಿದ ವರ್ಷವದು. ನವೆಂಬರ್ ಒಂದರ ಮೆರವಣಿಗೆಗೆ ಇಲಾಖೆಗೊಂದು ಸ್ತಬ್ಧಚಿತ್ರ ಬರಬೇಕೆಂದು ಮೇಲಿನವರು ಹೇಳಿದ್ದರು. ನಮ್ಮಲ್ಲಿದ್ದದ್ದು ಒಂದೇ ಗಾಡಿ, ಆಂಬುಲೆನ್ಸ್. ಅದರ ಸುತ್ತ ಪ್ಲೈವುಡ್ ಬಿಗಿದು ಒಂದು ಬದಿಗೆ ೧೯೫೬ರ ಏಕೀಕರಣ, ಇನ್ನೊಂದು ಬದಿಗೆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ೧೯೭೩, ಹಿಂಬಾಗಿಲ ಮೇಲೆ ತಾಯಿ ಭುವನೇಶ್ವರಿ. ಚಿತ್ರ ಚೆನ್ನಾಗಿಯೇ ಬಂದಿತ್ತು.

"ಪೇಶಂಟ್ ಬಂದ್ರ ಹ್ಯಾಂಗ್ರಿ?" ಎಂದೆ.

"ಒಂದ ದಿನದ ಮಾತ ಬಿಡ್ರಿ ಸಿಸ್ಟರ್," ಎಂದು ಡಾಕ್ಟರು ನಕ್ಕರು.

ಮೆರವಣಿಗೆಯ ದಿನ ಬೆಳಿಗ್ಗೆ ಹಸೀನಾ ಹೆಣ್ಣುಮಗು ಹೆತ್ತಳು. ಮಗು ಗಟ್ಟಿಯಾಗಿ ಅತ್ತಿತು. ತಾಯಿಯ ರಕ್ತ ಮಾತ್ರ ನಿಲ್ಲಲಿಲ್ಲ. ಇದಕ್ಕೆ ನಾವು ಪಿಪಿಎಚ್ ಅನ್ನುತ್ತೇವೆ, ಹೆರಿಗೆಯ ನಂತರದ ರಕ್ತಸ್ರಾವ. ಇಂಜೆಕ್ಷನ್, ಸಲೈನ್ ಎಲ್ಲ ಆಯಿತು. ರಕ್ತ ಕೊಡಬೇಕೆಂದರೆ ಗದಗಕ್ಕೇ ಒಯ್ಯಬೇಕು. ಬಾಡಿಗೆ ಜೀಪುಗಳೂ ಮೆರವಣಿಗೆಯಲ್ಲಿದ್ದವು.

ಹಸೀನಾಳ ಗಂಡ ಮೌಲಾಸಾಬ ದವಾಖಾನೆಯ ಎದುರಿಗೇ ತಗಡಿನ ಟ್ರಂಕು ಮಾಡುತ್ತಿದ್ದವ. ಓಡಿಹೋಗಿ, ಜನರ ಕೈಕಾಲು ಹಿಡಿದು ಆಂಬುಲೆನ್ಸ್ ಬಿಡಿಸಿಕೊಂಡು ಬಂದ. ಅದರ ಹಿಂದೆಯೇ ಹಳದಿ-ಕೆಂಪು ಶಲ್ಯ ಹೊದ್ದ ಹುಡುಗರೂ ಮೆರವಣಿಗೆಯ ಜನರೂ ಬಂದರು. ದೇವಿಯ ಹಲಗೆಯನ್ನು ಹಿಂಬಾಗಿಲಿಗೆ ತಂತಿಯಿಂದ ಬಿಗಿದಿದ್ದರು, ಅದನ್ನು ಕಡಿಯದೆ ಬಾಗಿಲು ತೆರೆಯುವಂತಿರಲಿಲ್ಲ. ಮೌಲಾಸಾಬ ಅಂಗಡಿಯಿಂದ ಪಕ್ಕಡ ತಂದ. ದಿನಾ ತಂತಿ ಕತ್ತರಿಸುವ ಕೈ ಅದು. ದೇವಿಯ ಚಿತ್ರದ ಮುಂದೆ ಬಂದವನು ಒಮ್ಮೆ ಆ ಹುಡುಗರನ್ನು ನೋಡಿ ಹಾಗೇ ನಿಂತುಬಿಟ್ಟ.

"ಅಕ್ಕಾರ, ನೀವ ಕಡೀರಿ. ನಾ ಕೈ ಹಚ್ಚಿದ್ರ ಬ್ಯಾರೇನ ಆಗತೈತಿ."

"ಹಗೂರ ಬಿಚ್ಚರಿ, ತಾಯಿ ಚಿತ್ರ ಐತಿ," ಎಂದ ಒಬ್ಬ ಹುಡುಗ. ಕೆಟ್ಟ ದನಿಯಲ್ಲೇನೂ ಅನ್ನಲಿಲ್ಲ.

"ಒಳಗ ಒಬ್ಬ ತಾಯಿ ಸಾಯಾಕತ್ತಾಳ, ಬಾಯಿ ಮುಚ್ಚೋ!" ಎಂದು ಕಿರುಚಿ ಪಕ್ಕಡ ಕಸಿದುಕೊಂಡೆ. ನನಗೆ ತಂತಿ ಕಡಿದು ಗೊತ್ತಿಲ್ಲ. ಅವನಾಗಿದ್ದರೆ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಹೆಣಗಾಡಿದೆ. ಡ್ರೈವರ್ ಇನ್ನೊಂದು ಬದಿಯಿಂದ ಬರಿಗೈಲಿ ಎಳೆಯುತ್ತಿದ್ದ. ಅಷ್ಟು ಹೊತ್ತೂ ಮೌಲಾಸಾಬ ಕೈಕಟ್ಟಿಕೊಂಡು ನಿಂತೇ ಇದ್ದ.

ಗದಗ ಮುಟ್ಟಲಿಲ್ಲ. ದಾರಿಯಲ್ಲೇ ಹಸೀನಾಳ ನಾಡಿ ನನ್ನ ಬೆರಳ ಕೆಳಗೆ ನಿಂತುಹೋಯಿತು. ನನಗೆ ಅಳುವೂ ಬರಲಿಲ್ಲ, ಬರೀ ಸಿಟ್ಟು. ಯಾರ ಮೇಲೆಂದು ಇವತ್ತಿಗೂ ಗೊತ್ತಿಲ್ಲ.

ಹೆಣ ಇಳಿಸಿಕೊಳ್ಳುವಾಗ ಮೌಲಾಸಾಬ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಕ್ಕಾರ, ಚಿತ್ರಕ್ಕ ಏನೂ ಆಗಿಲ್ಲಲ್ರಿ?"

ಆಂಬುಲೆನ್ಸಿಗೆ ಏನನ್ನೂ ಕಟ್ಟಬಾರದೆಂದು ಆಮೇಲೆ ಎಲ್ಲರೂ ಹೇಳಿದರು. ಅದನ್ನು ಕಲಿಯಲು ನರ್ಸ್ ಆಗಬೇಕಿಲ್ಲ. ಈ ಕೆಲಸ ನನಗೆ ಕಲಿಸಿದ ಪಾಠ ಇಷ್ಟು: ಹೆಂಡತಿ ಸಾಯುತ್ತಿದ್ದರೂ ತನ್ನ ಹೆಸರು ನೆನಪಾಗಿ ಕೈ ಹಿಂದೆಳೆದುಕೊಳ್ಳುವವನಿಗೆ "ಕಡಿಯಪ್ಪಾ, ನಾವ ಅದೀವಿ" ಅನ್ನಲು ಒಬ್ಬರು ಬೇಕು. ಅಂದು ಅಲ್ಲಿ ಅರ್ಧ ಊರೇ ನೆರೆದಿತ್ತು.