ಜಾಂಬಿ ಬಂದರೆ ಅಜ್ಜಿಯ ಹತ್ತಿರ

ಹಿಂದೂಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಎರಡು ಮೆಷಿನ್ನು, ಒಂದು ಮೇಜು, ಗೋಡೆಗೊಂದು ನಿಲುಗನ್ನಡಿ. ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು, ಮದುವೆಗಳ ಕಾಲ. ಒಬ್ಬ ಮದುಮಗಳ ಚಿಕ್ಕಮ್ಮ ರವಿಕೆ ಬಟ್ಟೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಿದ್ದರು. ಕತ್ತರಿಸೋಣವೆಂದು ಕೈ ಚಾಚಿದರೆ ನನ್ನ ದೊಡ್ಡ ಕತ್ತರಿ ಇರಲಿಲ್ಲ.

ಆ ಕತ್ತರಿಯನ್ನು ನಾನು ಯಾರಿಗೂ ಮುಟ್ಟಗೊಡುವುದಿಲ್ಲ. ಕಾಗದ ಕತ್ತರಿಸಿದರೂ ಅದರ ಬಾಯಿ ಮೊಂಡಾಗುತ್ತದೆ. ಮೇಜಿನ ಕೆಳಗೆ, ಮೆಷಿನ್ನಿನ ಹಿಂದೆ, ಕೊನೆಗೆ ಅಡುಗೆಮನೆಯಲ್ಲೂ ಹುಡುಕಿದೆ. ಅಲ್ಲಿ ಖಾರದ ಪುಡಿಯ ಡಬ್ಬಿಯೂ ಕಾಣಲಿಲ್ಲ. ಆಗ ಅನುಮಾನ ಬಂದು ಮಗಳ ಮಂಚದ ಕೆಳಗೆ ಬಗ್ಗಿ ನೋಡಿದೆ. ಅವಳ ಹಳೆಯ ಸ್ಕೂಲ್ ಬ್ಯಾಗು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಎಳೆದು ಜಿಪ್ ತೆಗೆದರೆ ಎಲ್ಲಕ್ಕಿಂತ ಮೇಲೆ ನನ್ನ ಕತ್ತರಿ, ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದಳು. ಕೆಳಗೆ ಖಾರದ ಪುಡಿ, ಟಾರ್ಚು, ಬಟ್ಟೆ ಒಣಗಿಸುವ ಹಗ್ಗ, ಮೇಣದ ಬತ್ತಿ, ಬೆಂಕಿಪೊಟ್ಟಣ, ಬಿಸ್ಕತ್ತು, ಸೈಕಲ್ ಟ್ಯೂಬಿನ ರಬ್ಬರು ಕಟ್ಟಿದ ಒಂದು ಕವಣೆ, ಅದಕ್ಕೆಂದೇ ಆರಿಸಿದ ದುಂಡು ಕಲ್ಲುಗಳು.

ಮಗಳು ಬಾಗಿಲಲ್ಲಿ ಬಂದು ನಿಂತಳು. ಆಗ ಅವಳು ಏಳನೇ ಕ್ಲಾಸು ಮುಗಿಸಿದ್ದಳು.

"ಅದು ವೆಪನ್ ಅಮ್ಮ. ತೆಗೀಬೇಡ."

"ಯಾರಿಗೆ ಚುಚ್ಚಾಕೆ?"

"ಜಾಂಬಿಗಳಿಗೆ."

ನನಗೆ ಅದೇನೆಂದು ಗೊತ್ತಿರಲಿಲ್ಲ. ಗೆಳತಿಯ ಮನೆಯಲ್ಲಿ ಫೋನಿನಲ್ಲಿ ನೋಡಿದ್ದಳಂತೆ. ಒಂದು ರೋಗ ಬರುತ್ತದೆ, ಸತ್ತವರು ಎದ್ದು ಓಡಾಡುತ್ತಾರೆ, ಕಚ್ಚಿಸಿಕೊಂಡವರೂ ಅವರಂತೆಯೇ ಆಗುತ್ತಾರೆ, ಊರಿಗೆ ಊರೇ ಬಂದ್ ಆಗುತ್ತದೆ. ಅವಳು ಹೇಳುವುದನ್ನು ಕೇಳಿ ಮದುಮಗಳ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು.

"ನಗ್ಬೇಡಮ್ಮ," ಎಂದಳು ಮಗಳು. "ಕೊರೊನಾ ಬತ್ತದೆ ಅಂದಾಗ್ಲೂ ಎಲ್ರೂ ನಕ್ಕಿದ್ರು. ಆಮೇಲೆ ಬಸ್ ನಿಲ್ಸಿಬುಟ್ರು, ರೋಡ್ ಮುಚ್ಚಿಬುಟ್ರು. ತಾತನ್ನ ನೋಡಾಕೆ ಆಗ್ಲಿಲ್ಲ. ಈ ಸಲ ಜಾಂಬಿ ಬಂದ್ರೆ ನಾವು ನಡ್ಕೊಂಡೇ ಅಜ್ಜಿ ಹತ್ರ ಹೋಗ್ಬೇಕು."

ನಗು ಅಲ್ಲಿಗೇ ನಿಂತಿತು.

ನನ್ನ ತವರು ಕಲ್ಯಾಣದುರ್ಗ. ಎರಡೂ ಊರು ಆಂಧ್ರದಲ್ಲಿದ್ದರೂ ನಾವು ಹೋಗುವ ದಾರಿ ರೊದ್ದಂ ದಾಟಿ ಕರ್ನಾಟಕದ ಪಾವಗಡಕ್ಕೆ ಹೊಕ್ಕು, ಮತ್ತೆ ಆಂಧ್ರಕ್ಕೆ ಬರುತ್ತದೆ. ಬೇರೆ ದಿನಗಳಲ್ಲಿ ಗಡಿ ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಲಾಕ್‌ಡೌನಿನಲ್ಲಿ ಅಪ್ಪ ತೀರಿಕೊಂಡರೆಂದು ಫೋನು ಬಂದಾಗ ನಾವು ಮೂವರೂ ಸ್ಕೂಟರಿನಲ್ಲಿ ಹೊರಟೆವು. ಯಜಮಾನರು ಮುಂದೆ, ನಾನು ಹಿಂದೆ, ಪುಟ್ಟ ಮಗಳು ನಡುವೆ. ಗಡಿಯಲ್ಲಿ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದಿದ್ದರು, ಅದರ ಮೇಲೆ ಜಾಲಿಮುಳ್ಳು. ಕಾವಲಿದ್ದ ಪೊಲೀಸರನ್ನು ಬೇಡಿಕೊಂಡೆವು. ಬಿಡಲಿಲ್ಲ. ಬಿಸಿಲಲ್ಲಿ ನಿಂತು ನಿಂತು ವಾಪಸು ಬಂದೆವು. ದಾರಿಯುದ್ದಕ್ಕೂ ಮಗಳು ಒಂದು ಮಾತೂ ಆಡಿರಲಿಲ್ಲ. ಚಿಕ್ಕವಳು, ಮರೆತಿರುತ್ತಾಳೆ ಎಂದುಕೊಂಡಿದ್ದೆ.

ಯಜಮಾನರು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಶಿಫ್ಟು ಮುಗಿಸಿ ಬಂದವರಿಗೆ ಬ್ಯಾಗು ತೋರಿಸಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ, ಅವರು ಚಪ್ಪಲಿ ಬಿಟ್ಟು ಮಗಳ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ತಮ್ಮ ಕಾರ್ಖಾನೆಯ ಹಳೆಯ ಹೆಲ್ಮೆಟ್ಟು, ಕೈಗವಸು ತಂದುಕೊಟ್ಟರು. ಮಗಳು ಕುಡುಗೋಲೂ ಬೇಕೆಂದಳು. ಓಡುವಾಗ ನಿನಗೇ ತಗಲುತ್ತದೆ ಎಂದು ಅವರು ಒಪ್ಪಲಿಲ್ಲ. ನನ್ನ ಕತ್ತರಿಗೆ ಬದಲಾಗಿ ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕಡ್ಡಿಯನ್ನು ನಾನೇ ಕೊಟ್ಟೆ. ಅವಳ ಕ್ರಿಕೆಟ್ ಬ್ಯಾಟು ಹೇಗೂ ಇತ್ತು.

ಖಾರದ ಪುಡಿಯ ಡಬ್ಬಿ ಕೈಗೆ ಬಂದಾಗ ಯಜಮಾನರು ನಿಜಕ್ಕೂ ಯೋಚನೆಗೆ ಬಿದ್ದರು.

"ಸತ್ತೋರ ಕಣ್ಣಿಗೆ ಖಾರ ಹಾಕಿದ್ರೆ ಉರೀತದಾ?"

ಮಗಳು ಡಬ್ಬಿಯನ್ನು ಇಸಿದುಕೊಂಡು ಬ್ಯಾಗಿಗಿಟ್ಟಳು. "ಗೊತ್ತಿಲ್ಲಪ್ಪ. ಆದ್ರೆ ರೋಡ್ ಮುಚ್ಚೋರಿಗೆ ಉರೀತದೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ತಲೆ ತಗ್ಗಿಸಿ ಕಲ್ಲುಗಳನ್ನು ದಪ್ಪದ್ದು, ಸಣ್ಣದ್ದು ಎಂದು ಬೇರೆ ಬೇರೆ ಮಾಡುತ್ತಿದ್ದಳು. ಯಜಮಾನರೇ ಮೆಲ್ಲಗೆ ಅಂದರು, "ಬ್ಯಾಗ್ ಕಟ್ಟಿದ್ದಾಯ್ತಲ್ಲ, ಒಂದ್ಸಲ ಹೋಗಿ ಬನ್ನಿ. ದಾರಿ ಎಂಗೈತೆ ಅಂತ ಗೊತ್ತಾಗ್ಲಿ. ನಂಗೆ ರಜ ಸಿಗಲ್ಲ."

ಮಾರನೆಯ ದಿನ ರವಿಕೆಗಳ ಕೆಲಸದ ನಡುವೆ ಆ ಬ್ಯಾಗನ್ನು ಮೆಷಿನ್ನಿಗೆ ಕೊಟ್ಟೆ. ಹೆಗಲ ಪಟ್ಟಿಗೆ ಎರಡು ಪದರ ರೆಕ್ಸಿನ್ ಹಾಕಿ, ಎದೆಗೆ ಅಡ್ಡಲಾಗಿ ಇನ್ನೊಂದು ಪಟ್ಟಿ ಹೊಲಿದೆ; ಓಡಿದರೆ ಬ್ಯಾಗು ಕುಲುಕಬಾರದು. ಪಕ್ಕದಲ್ಲಿ ಮೀಟರ್ ಕಡ್ಡಿ ಸಿಕ್ಕಿಸಲು ಉದ್ದನೆಯ ಜೇಬು. ಮಗಳು ಬೆನ್ನಿಗೇರಿಸಿಕೊಂಡು ಕನ್ನಡಿಯ ಮುಂದೆ ಹಾರಿ ಹಾರಿ ನೋಡಿದಳು. ಎಷ್ಟೋ ದಿನದ ಮೇಲೆ ನನ್ನ ಹೊಲಿಗೆಯನ್ನು ಅವಳು ಮೆಚ್ಚಿದ್ದು ಅವತ್ತು.

ಬಸ್ಸು ಹತ್ತಿದೆವು. ಹೆಲ್ಮೆಟ್ಟು ಬ್ಯಾಗಿನಲ್ಲಿ ಹಿಡಿಸಲಿಲ್ಲವೆಂದು ತಲೆಗೇ ಹಾಕಿಕೊಂಡಿದ್ದಳು. ಕಂಡಕ್ಟರು ಅದನ್ನು ನೋಡಿ, ಬ್ಯಾಟು ನೋಡಿ, "ಏಮಿ ತಲ್ಲೀ, ಯುದ್ಧಾನಿಕಾ?" ಎಂದ. ಯುದ್ಧಕ್ಕಲ್ಲವೆಂದು ಕೈಯಾಡಿಸಿ ಅವಳೂ ತೆಲುಗಿನಲ್ಲೇ, "ಕಾದು, ಪ್ರಾಕ್ಟೀಸ್‌ಕಿ," ಎಂದಳು. ಆತ ನಗದೆ ತಲೆಯಾಡಿಸಿ ಟಿಕೆಟ್ ಹರಿದುಕೊಟ್ಟ.

ಗಡಿ ಹತ್ತಿರವಾದಂತೆ ಅವಳು ಕಿಟಕಿಗೆ ಮುಖ ಒತ್ತಿಕೊಂಡಳು.

"ಇಲ್ಲೇ ಅಲ್ವಾ ಅಮ್ಮ?"

"ಇಲ್ಲೇ."

ಮಣ್ಣಿನ ಗುಡ್ಡೆ ಇರಲಿಲ್ಲ, ಮುಳ್ಳೂ ಇರಲಿಲ್ಲ. ಬೇವಿನ ಮರದ ಕೆಳಗೆ ಒಬ್ಬಾತ ಕಲ್ಲಂಗಡಿ ರಾಶಿ ಹಾಕಿಕೊಂಡು ಕೂತಿದ್ದ. ಬಸ್ಸು ನಿಧಾನವನ್ನೂ ಮಾಡದೆ ದಾಟಿಹೋಯಿತು. ಮಗಳು ತಿರುಗಿ ತಿರುಗಿ ನೋಡಿದಳು.

ಕಲ್ಯಾಣದುರ್ಗದಲ್ಲಿ ನನ್ನ ಅಮ್ಮ ಚಟ್ನಿಪುಡಿ, ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಅಪ್ಪನದು ಶೇಂಗಾ ವ್ಯಾಪಾರ. ಅವರು ಹೋದ ಮೇಲೆ ಅದೇ ಅಂಗಡಿಯ ಮುಂಭಾಗದಲ್ಲಿ ಒಲೆ ಹಾಕಿದಳು. ಕೆಲಸಕ್ಕೆ ಇಬ್ಬರು ಹೆಂಗಸರು ಬರುತ್ತಾರೆ. ನಾವು ಹೋದಾಗ ಅಮ್ಮನ ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಹಿಟ್ಟು. ಮೊಮ್ಮಗಳ ಹೆಲ್ಮೆಟ್ಟು ನೋಡಿ, "ಇದ್ಯಾಕೆ ಕಣಮ್ಮ, ಗೋಡೆ ಕಟ್ಟಾಕೆ ಬಂದ್ಯಾ?" ಎಂದಳು.

ಊಟವಾದ ಮೇಲೆ ಮಗಳು ಬ್ಯಾಗನ್ನು ಬಿಚ್ಚಿ ಒಂದೊಂದನ್ನೂ ಅಜ್ಜಿಗೆ ತೋರಿಸಿದಳು. ಜಾಂಬಿಯ ಕಥೆಯನ್ನು ಅಮ್ಮ ಪೂರಾ ಕೇಳಿದಳು.

"ನನ್ ಕಾಲದಾಗೂ ಇಂಗೇ ಒಂದು ಬಂದಿತ್ತು ಕಣೆ," ಎಂದಳು. "ದೆವ್ವ ಬಂದು ಮನೆಯೋರ ದನಿಯಾಗೇ ಕೂಗ್ತದೆ, ಓ ಅಂದ್ರೆ ಮುಗೀತು ಅನ್ನೋರು. ಎಲ್ರೂ ಬಾಗ್ಲ ಮ್ಯಾಲೆ ನಾಳೆ ಬಾ ಅಂತ ಬರ್ಕೊಂಡಿದ್ರು. ನಿಮ್ ತಾತ ಕನ್ನಡದಾಗೂ ಬರೆದ್ರು, ತೆಲುಗಿನಾಗೂ ಬರೆದ್ರು. ಅದ್ಕೆ ಯಾವ್ದು ಓದಾಕೆ ಬತ್ತದೋ ಏನೋ ಅಂತ."

ಮಗಳು ನಕ್ಕಳು. ಆದರೆ ಬಿಡಲಿಲ್ಲ. "ಜಾಂಬಿಗೆ ಓದಾಕೇ ಬರಲ್ಲ ಅಜ್ಜಿ."

"ಹಂಗಾದ್ರೆ ಈ ಬ್ಯಾಗೇ ಸರಿ. ಆದ್ರೆ ಬರೀ ಆಯುಧ ತುಂಬೀಯಲ್ಲೆ. ಊಟ ಎಲ್ಲೈತೆ?"

"ಬಿಸ್ಕತ್ ಐತೆ."

"ಬಿಸ್ಕತ್ತು ತಿಂದು ಇಲ್ಲಿಗಂಟ ನಡೀತೀಯಾ?" ಅಮ್ಮ ಎದ್ದು ಒಣಗಿಸಿದ ರೊಟ್ಟಿಗಳ ಕಟ್ಟೊಂದನ್ನು, ಶೇಂಗಾ ಪುಡಿಯನ್ನು, ಬೆಲ್ಲವನ್ನು ತಂದು ಬ್ಯಾಗಿಗಿಟ್ಟಳು. ಜಾಗ ಸಾಲದೆ ಮಗಳು ಅರ್ಧ ಕಲ್ಲುಗಳನ್ನು ಹೊರಗೆ ತೆಗೆಯಬೇಕಾಯಿತು.

ಕಲ್ಲು ತೆಗೆಯುತ್ತಲೇ ಕೇಳಿದಳು, "ಅಜ್ಜಿ, ತಾತ ಸತ್ತಾಗ ನೀನು ಒಬ್ಳೇ ಇದ್ಯಾ?"

ಅಮ್ಮನ ಕೈ ನಿಂತಿತು. ಅಷ್ಟು ವರ್ಷ ಮಗಳು ಅದನ್ನು ಯಾರನ್ನೂ ಕೇಳಿರಲಿಲ್ಲ.

"ಒಬ್ಳೇ ಯಾಕಿರ್ತೀನಿ ಕಣಮ್ಮ? ಎದೆನೋವು ಅಂದ ತಕ್ಷಣ ಎದುರುಮನೆ ಆಟೋದವ್ನು ಓಡಿ ಬಂದ. ರೋಡೆಲ್ಲಾ ಬಂದ್, ಹೊಡೀತಾರೆ ಅಂತ ಅವ್ನಿಗೂ ಗೊತ್ತು. ಆದ್ರೂ ಬಂದ. ನಿಮ್ ತಾತ ಆಟೋದಾಗೇ ನನ್ನ ಹೆಗಲ ಮ್ಯಾಲೆ ತಲೆ ಇಟ್ಟು ಹೋದ್ರು. ಆಮ್ಯಾಲೆ ಗಿರಣಿಯವ್ನು ಬಂದ, ಬಳೆ ಅಂಗಡಿಯವ್ಳು ಬಂದ್ಳು. ಮೂತಿಗೆ ಬಟ್ಟೆ ಕಟ್ಕೊಂಡೇ ಹೊಲದಾಗ ಗುಣಿ ತೋಡಿದ್ರು, ನಮ್ಮ ಪದ್ಧತಿ ಪ್ರಕಾರ ಕೂರ್ಸಿದ್ರು. ವಿಭೂತಿ ನಾನೇ ಹಚ್ದೆ. ನಿಮ್ಮಮ್ಮಂಗೆ ಫೋನ್ನಾಗೆ ಎಲ್ಲಾ ತೋರಿಸ್ದೆ. ನೀನು ಮಲಗಿದ್ದೆ."

"ನಾನು..." ಎಂದಳು ಮಗಳು. ಆಮೇಲೆ ಅಜ್ಜಿಯ ತೊಡೆಯ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು. ತಾತ ಯಾರೂ ಇಲ್ಲದೆ ಬಿದ್ದಿದ್ದರು, ಅಜ್ಜಿ ಒಬ್ಬಳೇ ಅವರನ್ನು ಕಾಯುತ್ತಾ ಬಾಗಿಲು ಹಾಕಿಕೊಂಡಿದ್ದಳು ಎಂದೇ ಅವಳು ಅಂದುಕೊಂಡಿದ್ದಳಂತೆ. ಅಮ್ಮ ಅವಳ ಬೆನ್ನು ಸವರುತ್ತಾ ಕೂತಳು. ಕೈಯ ಶೇಂಗಾ ಪುಡಿಯೆಲ್ಲ ಮಗಳ ಅಂಗಿಗೆ ಅಂಟಿತು.

ಸಂಜೆ ಮೂವರೂ ಹೊಲಕ್ಕೆ ಹೋಗಿ ಅಪ್ಪನ ಸಮಾಧಿಯ ಹತ್ತಿರ ಕೂತೆವು. ಸುತ್ತ ಉತ್ತ ಕೆಂಪು ನೆಲ, ಮಳೆ ಬಿದ್ದರೆ ಶೇಂಗಾ ಬಿತ್ತಲು ತಯಾರು. ಮಗಳ ಮುಖ ತಿಳಿಯಾಗಿತ್ತು. ಆದರೂ ಯೋಜನೆ ಬಿಟ್ಟಿರಲಿಲ್ಲ.

"ನಾವು ಇಲ್ಲಿಗೆ ಬಂದು ನಿನ್ನ ಕರ್ಕೊಂಡು ಹೋಯ್ತೀವಿ ಅಜ್ಜಿ."

"ನನ್ ಮೊಣಕಾಲು ಇಂಗೈತೆ. ಎತ್ಕೊಂಡು ಹೋಯ್ತೀಯಾ?"

ಮಗಳು ಇದನ್ನು ಯೋಚಿಸಿರಲಿಲ್ಲ. ಅಜ್ಜಿಯ ಕಾಲನ್ನೇ ನೋಡುತ್ತಾ ಪೆಚ್ಚಾದಳು. ಅಮ್ಮನೇ ದಾರಿ ಹೇಳಿದಳು.

"ಅರ್ಧ ದಾರಿ ನೀವು ಬನ್ನಿ, ಅರ್ಧ ದಾರಿ ನಾನು ಬತ್ತೀನಿ. ಪಾವಗಡದಾಗ ಸಿಗಾಣ."

"ಬಸ್ಸಿರಲ್ಲ ಅಜ್ಜಿ ಆವಾಗ."

"ಆಟೋದವ್ನು ಅವ್ನಲ್ಲ. ಆವತ್ತೇ ಬಂದೋನು, ಜಾಂಬಿಗೆ ಹೆದರ್ತಾನಾ?"

ಹಿಂದೂಪುರಕ್ಕೆ ಬಂದ ಮೇಲೆ ಬ್ಯಾಗು ಮಂಚದ ಕೆಳಗಿಂದ ಬಾಗಿಲ ಪಕ್ಕದ ಮೊಳೆಗೆ ಬಂತು. ಯಾರು ಕೇಳಿದರೂ ಮಗಳು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಸ್ಕೂಲು ಶುರುವಾಯಿತು, ಕಬಡ್ಡಿಗೆ ಸೇರಿದಳು, ಜಾಂಬಿಯ ಮಾತು ಕಡಿಮೆಯಾಯಿತು. ಮರೆತಳೆಂದೇ ನಾನೂ ಯಜಮಾನರೂ ಅಂದುಕೊಂಡೆವು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ನಾನು ಸ್ಟೌವಿನ ಮೇಲೆ ಚಹಾ ಇಟ್ಟಿದ್ದೆ. ಅಮ್ಮನ ಫೋನು ಬಂತು. ನನ್ನೊಡನೆ ಮಾತೇ ಆಡಲಿಲ್ಲ, ಮಗಳಿಗೆ ಕೊಡು ಎಂದಳು. ಸ್ಪೀಕರಿನಲ್ಲಿ ಅವಳ ದನಿ ಮನೆಯೆಲ್ಲಾ ಕೇಳಿಸಿತು.

"ಜಾಂಬಿ ಬಂದ್ಬುಟ್ಟವೆ ಕಣೆ! ನಾನಾಗ್ಲೇ ಆಟೋ ಹತ್ತಿದ್ದೀನಿ. ನೀವಿನ್ನೂ ಮನೇಲೇ ಇದ್ದೀರಾ?"

ಮಗಳು ಒಂದು ಕ್ಷಣ ಬಾಯಿಬಿಟ್ಟು ನಿಂತಳು. ಮರುಕ್ಷಣ ಬ್ಯಾಗು ಅವಳ ಬೆನ್ನ ಮೇಲಿತ್ತು. ಯಜಮಾನರಿಗೆ ಅವತ್ತು ವಾರದ ರಜೆ, ಅವರ ಶರಟಿನ ಗುಂಡಿ ಹಾಕಲೂ ಬಿಡಲಿಲ್ಲ. ಸ್ಟೌ ಆರಿಸಿ, ಬೀಗ ಹಾಕಿ ಓಡಿದೆವು. ಬಸ್ಸಿನಲ್ಲಿ ಮೂವರೂ ನಗುತ್ತಲೇ ಇದ್ದೆವು.

ಪಾವಗಡದ ಬಸ್ ಸ್ಟ್ಯಾಂಡಿನ ಎದುರು, ಮರದ ನೆರಳಲ್ಲಿ ಆಟೋ ನಿಂತಿತ್ತು. ಅಮ್ಮ ಕೈಯಲ್ಲೊಂದು ಛತ್ರಿ ಹಿಡಿದು ನಮ್ಮ ಕಡೆಗೆ ನಡೆದು ಬಂದಳು. ಬೇಸಿಗೆಯಲ್ಲಿ ಹೊಲದಿಂದ ಮನೆಗೆ ನಡೆಯಲು ನನ್ನ ಕೈ ಹಿಡಿದುಕೊಂಡಿದ್ದವಳು ಇವಳೇನಾ ಎನಿಸಿತು. ಬಳೆ ಅಂಗಡಿಯ ಗೆಳತಿಯ ಜೊತೆ ದಿನಾ ಬೆಳಿಗ್ಗೆ ಕೆರೆ ಏರಿಯವರೆಗೆ ನಡೆದು ಬರುತ್ತಿದ್ದಾಳಂತೆ.

"ಲೇಟು ನೀವು," ಎಂದಳು. "ನನ್ನ ಆಗ್ಲೇ ತಿಂದಿರೋವು."

ಮರದ ಕೆಳಗೇ ಟವೆಲ್ಲು ಹಾಸಿ ಅವಳು ತಂದ ರೊಟ್ಟಿ, ಬದನೆಕಾಯಿ ಪಲ್ಯ ತಿಂದೆವು. ಆಟೋದಾತನನ್ನು ಮಗಳು ಹತ್ತಿರದಿಂದ ನೋಡಿದ್ದು ಅವತ್ತೇ. ಸಣ್ಣ ಗಡ್ಡದ, ಮೆಲುದನಿಯ ಮನುಷ್ಯ. ಊಟ ಮುಗಿಯುವವರೆಗೂ ಅವಳು ಅವರನ್ನೇ ನೋಡುತ್ತಿದ್ದಳು. ಕೈ ತೊಳೆದವಳೇ ಅವರ ಹತ್ತಿರ ಹೋದಳು.

"ಮಾಮ, ನಮ್ಮ ತಾತ ಯಾವ ಕಡೆ ಕೂತಿದ್ರು?"

ಅವರು ಅಮ್ಮನ ಮುಖ ನೋಡಿದರು. ಅಮ್ಮ ತಲೆಯಾಡಿಸಿದಳು. "ಈ ಕಡೆ ಕಣಮ್ಮ, ಗಾಳಿ ಬರ್ಲಿ ಅಂತ," ಎಂದು ಹಿಂದಿನ ಸೀಟಿನ ಎಡಬದಿ ತೋರಿಸಿದರು.

ಮಗಳು ಹತ್ತಿ ಅಲ್ಲಿ ಕೂತಳು. ಸೀಟಿನ ಮೇಲೆ ಅಂಗೈ ಇಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಹೊರಗೆ ಹಾಕಿ, "ಮಾಮ, ಒಂದ್ ರೌಂಡ್ ಹೊಡೀತೀರಾ?" ಎಂದಳು. ಅಮ್ಮ ಛತ್ರಿ ಮಡಚಿ ಅವಳ ಪಕ್ಕ ಹತ್ತಿದಳು. ಆಟೋ ಪಾವಗಡದ ಬೀದಿಯಲ್ಲಿ ತಿರುಗಿ ಮರೆಯಾಯಿತು.

ಯಜಮಾನರು ಕಬ್ಬಿನ ಹಾಲು ತಂದರು. ನಾವಿಬ್ಬರೂ ಬ್ಯಾಗಿನ ಪಕ್ಕ ಕೂತು ಕುಡಿದೆವು. ಆಟೋ ವಾಪಸು ಬಂದಾಗ ಅಜ್ಜಿ ಮೊಮ್ಮಗಳ ಕೈಯಲ್ಲಿ ಐಸ್‌ಕ್ರೀಮ್ ಕರಗುತ್ತಿತ್ತು, ಡ್ರೈವರ್ ಸೀಟಿನಿಂದ ಅವರು ಏನೋ ಹೇಳುತ್ತಿದ್ದರು, ಮಗಳು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದಳು. ಇಳಿಯುತ್ತಲೇ ನನ್ನ ಹತ್ತಿರ ಓಡಿ ಬಂದಳು.

"ಅಮ್ಮ, ತಾತ ಯಾವಾಗ್ಲೂ ಆಟೋದಾಗೆ ಹಿಂದೆ ಕೂತ್ಕೊಂಡು ಮಾಮಂಗೆ ಡ್ರೈವಿಂಗ್ ಹೇಳ್ಕೊಡ್ತಿದ್ರಂತೆ. ತಾತಂಗೆ ಸೈಕಲ್ಲೂ ಬತ್ತಿರ್ಲಿಲ್ವಂತೆ!"

ಅದು ನನಗೆ ಗೊತ್ತಿದ್ದ ವಿಷಯವೇ. ಆದರೂ ಮೊದಲ ಸಲ ಕೇಳಿದವಳಂತೆ, "ಹೌದಾ?" ಎಂದೆ.