ಬೈಯುವ ಹಕ್ಕು

ಪದವಿ ಪ್ರಮಾಣಪತ್ರದಲ್ಲಿ ತಪ್ಪಾಗಿದ್ದ ನನ್ನ ಹೆಸರನ್ನು ತಿದ್ದಿಸದೆ ಹೊಸ ಕೆಲಸಕ್ಕೆ ಸೇರುವಂತಿರಲಿಲ್ಲ. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ವಿಜಯಪುರದ ಕಡೆಯವರು. ನಾನು ಕನ್ನಡದವನೆಂದು ತಿಳಿದದ್ದೇ ತಡ, "ಏನ್ ಹೇಳ್ಲಿರಿ, ರಿಜಲ್ಟ್ ಲೇಟು, ಕಂಪ್ಯೂಟರ್ ಬಂದ್, ಸಾಹೇಬ್ರು ದಿನಾ ಮೀಟಿಂಗ್‌ನ್ಯಾಗ" ಎಂದು ತಮ್ಮ ಸಂಸ್ಥೆಯನ್ನೇ ಬೈಯತೊಡಗಿದರು.

"ಈ ಯೂನಿವರ್ಸಿಟಿಗೆ ಮರ್ಯಾದೆಯೇ ಉಳಿದಿಲ್ಲ ಬಿಡಿ," ಎಂದು ನಾನೂ ದನಿಗೂಡಿಸಿದೆ.

ಅವರ ಮುಖ ಬಿಗಿಯಿತು. "ಇಪ್ಪತ್ತೆಂಟು ವರ್ಷ ಇಲ್ಲಿ ದುಡದೀನ್ರಿ, ನಾ ಬೈತೀನಿ. ಹೊರಗಿನವ್ರು ಬೈಬಾರ್ದು."

"ನಾನೂ ಇಲ್ಲೇ ಓದಿದವನು. ತಪ್ಪಾಗಿರುವುದು ನನ್ನ ಸರ್ಟಿಫಿಕೇಟೇ."

ಅವರು ಪಕ್ಕದ ಕುರ್ಚಿ ಎಳೆದರು. "ಹಂಗಾದ್ರ ಕೂಡ್ರಿ, ಚಾ ತರಸ್ತೀನಿ. ಈಗ ಬೈರಿ."

ಇಬ್ಬರೂ ಮನಸಾರೆ ಬೈದೆವು. ಎರಡು ವಾರದಲ್ಲಿ ಹೆಸರು ಸರಿಯಾಯಿತು. ಹೊಸ ಆಫೀಸಿನಲ್ಲಿ ಒಬ್ಬ, "ಅದೂ ಒಂದು ಯೂನಿವರ್ಸಿಟಿಯೇ?" ಎಂದ. ಸೇರಿದ ಮೊದಲ ದಿನವೇ ನಾನು ಜಗಳಕ್ಕೆ ನಿಂತೆ.